ಗುಂಗುರು ಕೂದಲು ರೋಗವಲ್ಲ

ಕಳೆದ ಆಷಾಢದ ಒಂದು ಸಂಜೆ ಹಳೆಯ ಶಿಷ್ಯೆಯೊಬ್ಬಳು ಫೋನ್ ಮಾಡಿದ್ದಳು. ಮಗಳ ಮದುವೆ ಶ್ರಾವಣದಲ್ಲಿ ಎಂದು ಸಂಭ್ರಮದಿಂದ ತಿಳಿಸಿ, ಕೊನೆಯಲ್ಲಿ ಹೇಳಿದಳು: "ಅವಳ ಕೂದಲೂ ನನ್ನ ಹಾಗೆಯೇ ಟೀಚರ್, ಮಳೆ ಬಂತೆಂದರೆ ಕೆದರಿ ನಿಲ್ಲುತ್ತದೆ. ಪಾರ್ಲರಿನಲ್ಲಿ ನೇರ ಮಾಡಿಸುತ್ತಿದ್ದೇವೆ." ಅದೇಕಮ್ಮ ಎಂದೆ. ಅವಳು ನಕ್ಕು, "ನೀವೇ ಅಲ್ಲವೇ ನನ್ನ ತಲೆಯನ್ನು ಕಾಗೆಗೂಡು ಎಂದದ್ದು?" ಎಂದಳು.

ಮಾತಿನಲ್ಲಿ ಮುನಿಸಿರಲಿಲ್ಲ. ಆದರೂ ಆ ರಾತ್ರಿ ನನಗೆ ನಿದ್ರೆ ಹತ್ತಲಿಲ್ಲ. ಹೌದು, ನಾನೇ ಅಂದಿದ್ದೆ. ಎರಡು ಜಡೆ, ರಿಬ್ಬನ್ನು, ನುಣುಪಾದ ಬೈತಲೆ. ಇವು ಶಿಸ್ತಿನ ಲಕ್ಷಣಗಳೆಂದು ನಂಬಿದ್ದ ಕಾಲವದು. ಪ್ರಾರ್ಥನೆಯ ಸಾಲಿನಿಂದ ಅವಳನ್ನು ಹೊರಗೆಳೆದು, ಎಲ್ಲರೆದುರು ಹಾಗೆಂದು, ಎಣ್ಣೆ ಹಚ್ಚಿಕೊಂಡು ಬಾ ಎಂದು ಮನೆಗೆ ಅಟ್ಟಿದ್ದೆ.

ನಾಚಿಕೆಯ ಸಂಗತಿಯೆಂದರೆ, ನಾನು ವಿಜ್ಞಾನದ ಶಿಕ್ಷಕಿ. ಸಸ್ಯೂರ್ ಎಂಬ ಸ್ವಿಸ್ ವಿಜ್ಞಾನಿ 1783ರಲ್ಲಿ ತನ್ನ ಗ್ರಂಥದಲ್ಲಿ ವಿವರಿಸಿದ ಆರ್ದ್ರತಾಮಾಪಕವನ್ನು ನಿಮಗೆಲ್ಲ ಪಾಠ ಮಾಡಿದವಳು. ಆ ಉಪಕರಣದ ಹೃದಯವೇ ಮನುಷ್ಯನ ಒಂದು ಕೂದಲು. ಗಾಳಿಯಲ್ಲಿ ತೇವ ಹೆಚ್ಚಿದರೆ ಅದು ಹಿಗ್ಗುತ್ತದೆ, ಒಣಗಿದರೆ ಕುಗ್ಗುತ್ತದೆ. ಗಾಜಿನ ಪೆಟ್ಟಿಗೆಯಲ್ಲಿ ಕೂದಲು ಹೀಗೆ ಮಾಡಿದರೆ ವಿಜ್ಞಾನ, ಹುಡುಗಿಯ ತಲೆಯ ಮೇಲೆ ಮಾಡಿದರೆ ಅಶಿಸ್ತು! ಈ ವಿರೋಧಾಭಾಸ ಅಂದು ನನಗೆ ಹೊಳೆಯಲಿಲ್ಲ.

ಕೂದಲಿನ ಹೊರಪದರ ನಮ್ಮ ಮಂಗಳೂರು ಹಂಚಿನ ಮಾಡಿನಂತೆ, ಒಂದರ ಮೇಲೊಂದು ಹೊದಿಸಿದ ಸೂಕ್ಷ್ಮ ಪದರಗಳಿಂದಾಗಿದೆ. ಹಂಚು ಎದ್ದಲ್ಲಿ ಮಳೆನೀರು ಸೋರುವಂತೆ, ಈ ಪದರಗಳು ಎದ್ದಲ್ಲಿ ತೇವ ಒಳನುಗ್ಗುತ್ತದೆ. ಎಳೆ ಉಬ್ಬಿ ತನಗೆ ತೋಚಿದತ್ತ ತಿರುಗುತ್ತದೆ. ಗುಂಗುರು ಕೂದಲಿನಲ್ಲಿ ನೆತ್ತಿಯ ಜಿಡ್ಡು ತಿರುವುಗಳನ್ನು ದಾಟಿ ತುದಿಯವರೆಗೆ ಇಳಿಯುವುದು ಕಷ್ಟ. ಆದ್ದರಿಂದಲೇ ಅದು ಬೇಗ ಒಣಗಿ ಕೆದರುತ್ತದೆ. ಇದರಲ್ಲಿ ಸೋಮಾರಿತನವೂ ಇಲ್ಲ, ಕೊಳಕೂ ಇಲ್ಲ.

ಇಂದು ಶಾಲೆಯ ಬೆತ್ತದ ಸ್ಥಾನವನ್ನು ಪಾರ್ಲರಿನ ಕಾದ ಇಸ್ತ್ರಿ ಆಕ್ರಮಿಸಿದೆ. "ಕೆರಾಟಿನ್" ಎಂಬ ಸೌಮ್ಯ ಹೆಸರಿನಲ್ಲಿ ಹಚ್ಚುವ ಎಷ್ಟೋ ದ್ರಾವಣಗಳು ಕಾಯಿಸಿದಾಗ ಫಾರ್ಮಾಲ್ಡಿಹೈಡ್ ಅನಿಲವನ್ನು ಉಗುಳುತ್ತವೆ. ಪ್ರಯೋಗಶಾಲೆಯಲ್ಲಿ ಕಪ್ಪೆಯನ್ನು ಕೆಡದಂತೆ ಇಡುತ್ತಿದ್ದ ಫಾರ್ಮಲಿನ್ ನೆನಪಿದೆಯಷ್ಟೆ? ಅದೇ ವಸ್ತು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿಯೇ ಅದನ್ನು ಮನುಷ್ಯರಿಗೆ ಕ್ಯಾನ್ಸರ್‌ಕಾರಕವೆಂದು ಘೋಷಿಸಿತು. ಅದಿಲ್ಲವೆಂದು ಕೆಲವರು ಗ್ಲೈಆಕ್ಸಿಲಿಕ್ ಆಮ್ಲವನ್ನು ತಂದರು. 2024ರಲ್ಲಿ ಫ್ರಾನ್ಸಿನ ವೈದ್ಯರು ವರದಿ ಮಾಡಿದಂತೆ, ಆ ಆಮ್ಲವಿದ್ದ ಕ್ರೀಮಿನಿಂದ 3 ಬಾರಿ ಕೂದಲು ನೇರ ಮಾಡಿಸಿಕೊಂಡ 26ರ ತರುಣಿಯೊಬ್ಬಳಿಗೆ 3 ಬಾರಿಯೂ ಮೂತ್ರಪಿಂಡಕ್ಕೆ ಪೆಟ್ಟಾಯಿತು. ಅಮೆರಿಕದಲ್ಲಿ 33,497 ಮಹಿಳೆಯರನ್ನು ಗಮನಿಸಿದ 2022ರ ಅಧ್ಯಯನವು, ಇಂಥ ರಾಸಾಯನಿಕಗಳನ್ನು ಪದೇಪದೇ ಬಳಸಿದವರಲ್ಲಿ ಗರ್ಭಕೋಶದ ಕ್ಯಾನ್ಸರ್ ಎರಡು ಪಟ್ಟಿಗೂ ಹೆಚ್ಚು ಕಂಡುಬಂದುದನ್ನು ದಾಖಲಿಸಿತು. ಇದು ಸಂಬಂಧವೇ ಹೊರತು ಸಿದ್ಧಪಟ್ಟ ಕಾರಣವಲ್ಲ, ಒಪ್ಪುತ್ತೇನೆ. ಆದರೆ ಇಲ್ಲದ ರೋಗಕ್ಕೆ ಇಷ್ಟು ಅಪಾಯದ ಮದ್ದೇಕೆ?

"ಅವರವರ ತಲೆ, ಅವರವರ ಇಷ್ಟ, ನಿಮಗೇನು?" ಎಂದು ನಿಮ್ಮಲ್ಲಿ ಕೆಲವರು ಕೇಳಬಹುದು. ಇಷ್ಟವಾದರೆ ನನ್ನ ತಕರಾರಿಲ್ಲ. ಆದರೆ ಎಂಟು ವರ್ಷದ ಮಗುವಿಗೆ ನಿನ್ನ ಕೂದಲು ಕಾಗೆಗೂಡು ಎಂದು ಕಲಿಸಿ, ಇಪ್ಪತ್ತೈದಕ್ಕೆ ಅವಳು ಅದನ್ನು ಸುಟ್ಟುಕೊಂಡರೆ ಅದು ಇಷ್ಟವೆ? ಅದು ನಾವು ಕಲಿಸಿದ ಪಾಠದ ಒಪ್ಪಿಸುವಿಕೆ.

ಹಾಗಾದರೆ ಮಾಡಬೇಕಾದುದೇನು? ಬಹಳವಿಲ್ಲ. ದಿನವೂ ಶಾಂಪೂ ಬೇಡ, ಸುಡುನೀರೂ ಬೇಡ. ಮಿಂದ ಮೇಲೆ ಟವೆಲ್ಲಿನಿಂದ ತಿಕ್ಕದೆ, ಹಳೆಯ ಹತ್ತಿಯ ಬಟ್ಟೆಯಲ್ಲಿ ಒತ್ತಿ ನೀರು ತೆಗೆಯಿರಿ. ಒಣಗಿದ ಗುಂಗುರು ಕೂದಲನ್ನು ಬಾಚಬೇಡಿ. ಕಂಡಿಷನರ್ ಹಚ್ಚಿ ಒದ್ದೆಯಿರುವಾಗಲೇ ಅಗಲ ಹಲ್ಲಿನ ಹಣಿಗೆಯಿಂದ ತುದಿಯಿಂದ ಬುಡದತ್ತ ಸಿಕ್ಕು ಬಿಡಿಸಿ. ನಮ್ಮ ಅಮ್ಮಂದಿರು ದಾಸವಾಳದ ಎಲೆಯ ಗೊಂಪು ಹಚ್ಚುತ್ತಿದ್ದುದೂ ಆ ಲೋಳೆಯಲ್ಲಿ ಎಳೆಗಳು ಜಾರಿ ಬಿಡಿಸಿಕೊಳ್ಳಲೆಂದೇ. ಮೀಯುವ ಮುನ್ನ ತೆಂಗಿನೆಣ್ಣೆ ಹಚ್ಚಿದರೆ ಕೂದಲಿನ ಪ್ರೋಟೀನ್ ನಷ್ಟ ತಗ್ಗುತ್ತದೆಂದು ಮುಂಬಯಿಯ ಸಂಶೋಧಕರು 2003ರಲ್ಲಿ ಪ್ರಕಟಿಸಿದರು. ಅವರು ತೆಂಗಿನೆಣ್ಣೆ ಮಾರುವ ಕಂಪನಿಯವರೇ ಎಂಬುದನ್ನೂ ಹೇಳಿಬಿಡುವುದು ನ್ಯಾಯ. ಇಷ್ಟಾದರೂ ಆಟಿಯ ಮಳೆಯಲ್ಲಿ ನಾಲ್ಕೆಳೆ ಎದ್ದೇ ಏಳುತ್ತವೆ. ಏಳಲಿ ಬಿಡಿ.

ದೀಪಾವಳಿಗೆ ಆ ಮದುಮಗಳು ಅಮ್ಮನೊಡನೆ ನಮ್ಮ ಮನೆಗೆ ಬಂದಿದ್ದಳು. ಪಾರ್ಲರಿನಲ್ಲಿ ಕಣ್ಣುರಿದು ನೀರು ಸುರಿದುದನ್ನು ನಗುತ್ತಲೇ ಹೇಳಿದಳು. ತುದಿಗಳು ತುಂಡಾಗುತ್ತಿದ್ದವು. ಬುಡದಲ್ಲಿ ಹೊಸ ಕೂದಲು ಮೊದಲಿನಂತೆಯೇ ಗುಂಗುರಾಗಿ ಮೂಡಿತ್ತು. "ಆರು ತಿಂಗಳಿಗೊಮ್ಮೆ ಮಾಡಿಸಬೇಕಂತೆ ಟೀಚರ್," ಎಂದಳು ತಾಯಿ, ನನ್ನ ಮುಖವನ್ನೇ ನೋಡುತ್ತ.

ಅಂದು ಅವಳ ಕೈಹಿಡಿದು, ತಪ್ಪು ನನ್ನದಮ್ಮ ಎಂದೆ. ಪ್ರಾರ್ಥನೆಯ ಸಾಲಿನಲ್ಲಿ ಎಲ್ಲರೆದುರು ಆಡಿದ ಮಾತಿಗೆ ಅಡುಗೆಮನೆಯಲ್ಲಿ ಗುಟ್ಟಾಗಿ ಕ್ಷಮೆ ಕೇಳಿದರೆ ಸಾಲದು. ಆದ್ದರಿಂದ ಇಲ್ಲಿ, ನಿಮ್ಮೆಲ್ಲರೆದುರು ಬರೆಯುತ್ತಿದ್ದೇನೆ. ನಿಮ್ಮಲ್ಲಿ ಅನೇಕರು ಈಗ ಶಿಕ್ಷಕರು, ಅಜ್ಜಿಯರು, ಅತ್ತೆಯರು. ಆ ಮಾತನ್ನು ನೀವು ಮುಂದುವರಿಸಬೇಡಿ.