ಅಂಗಳದ ಹೌದಕ್ಕೆ ಅಗ್ಗದ ಸಾಮಗ್ರಿ ಯಾವುದು?

ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಹಲವರು ಬೀದರ ನಗರದಲ್ಲಿ, ಭಾಲ್ಕಿಯಲ್ಲಿ, ಔರಾದದಲ್ಲಿ ಮನೆ ಕಟ್ಟಿಸಿಕೊಂಡಿದ್ದಾರೆ. ಮನೆಯ ಕೆಲಸ ಮುಗಿದ ಮೇಲೆ ಅಂಗಳದಲ್ಲಿ ನಾಲ್ಕು ಗಿಡ, ಗಿಡಗಳ ನಡುವೆ ಒಂದು ಪುಟ್ಟ ಕೊಳ, ಅದರಲ್ಲಿ ನೈದಿಲೆ ಇರಲಿ ಎಂಬ ಆಸೆ ಸಹಜವಾದುದು. ನೆಲವನ್ನು ಅಗೆಯದೆ ಮೇಲೆಯೇ ಕಟ್ಟುವ ಇಂಥ ನೀರಿನ ತೊಟ್ಟಿಗೆ ನಮ್ಮ ಕಡೆ ‘ಹೌದ’ ಎನ್ನುತ್ತಾರೆ. ಅದನ್ನು ಕಡಿಮೆ ಖರ್ಚಿನಲ್ಲಿ ಯಾವುದರಿಂದ ಕಟ್ಟಬೇಕು ಎಂದು ಕೇಳಿದರೆ ಅಂಗಡಿಯವರು ತಮ್ಮಲ್ಲಿರುವ ಸರಕನ್ನೇ ಉತ್ತರವಾಗಿ ಹೇಳುತ್ತಾರೆ. ನನ್ನ ಅಭಿಪ್ರಾಯ ಬೇರೆಯಾಗಿದೆ. ಸಾಮಗ್ರಿಯನ್ನು ಆರಿಸಬೇಕಾದುದು ಮೊದಲು ನೆಲವನ್ನು ನೋಡಿ, ಆಮೇಲೆ ಬೆಲೆಯನ್ನು ನೋಡಿ.

ಜಿಲ್ಲೆ ಒಂದೇ ಆದರೂ ನಮ್ಮ ನೆಲ ಒಂದೇ ಬಗೆಯದಲ್ಲ. ಬೀದರ ನಗರವು ಜಂಬಿಟ್ಟಿಗೆಯ, ಅಂದರೆ ಕೆಂಪುಕಲ್ಲಿನ ಪ್ರಸ್ಥಭೂಮಿಯ ಮೇಲಿದೆ. ಭಾಲ್ಕಿ ಮತ್ತು ಔರಾದ ಕಡೆ ಎರೆಭೂಮಿಯೇ ಹೆಚ್ಚು. ಕೆಂಪುಕಲ್ಲಿನ ನೆಲ ಮಳೆಗಾಲಕ್ಕೂ ಬೇಸಿಗೆಗೂ ಹೆಚ್ಚು ಕದಲುವುದಿಲ್ಲ. ಎರೆಮಣ್ಣಾದರೋ ಮಳೆಗಾಲದಲ್ಲಿ ನೀರು ಹೀರಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಬಾಯಿ ಬಿಡುತ್ತದೆ. ಆದುದರಿಂದ ನಗರದಲ್ಲಿ ನಿಂತ ಗೋಡೆ ಔರಾದದಲ್ಲಿಯೂ ನಿಲ್ಲುತ್ತದೆಂದು ನಂಬಲಾಗದು.

ಮೊದಲು ಬೀದರ ನಗರದ ಮಾತು. ಕೆಂಪುಕಲ್ಲು ನೆಲದಿಂದ ತೆಗೆಯುವಾಗ ಮೃದುವಾಗಿದ್ದು ಗಾಳಿ ಬಿಸಿಲಿಗೆ ಗಟ್ಟಿಯಾಗುತ್ತದೆ. ಕೋಟೆಯ ಕಂದಕಗಳನ್ನು ಈ ಕಲ್ಲಿನಲ್ಲಿಯೇ ಕಡಿದಿದ್ದಾರೆ. ಆದರೆ ಇದರ ಮೈಯೆಲ್ಲ ಸಣ್ಣ ಸಣ್ಣ ರಂಧ್ರಗಳು. ಬಹಮನಿ ಕಾಲದ ನೌಬಾದಿನ ಸುರಂಗ ಬಾವಿ ನೀರು ಹರಿಸಿದ್ದು ಈ ಗುಣದ ಬಲದಿಂದಲೇ. ಮಳೆಯ ನೀರು ಕೆಂಪುಕಲ್ಲಿನ ಮೂಲಕ ಕೆಳಗಿಳಿದು ಸುರಂಗವನ್ನು ಸೇರುತ್ತಿತ್ತು. ನೀರನ್ನು ಇಳಿಯಗೊಡುವ ಕಲ್ಲು ನೀರನ್ನು ಹಿಡಿದಿಡಲಾರದು. ಬರಿಯ ಕೆಂಪುಕಲ್ಲಿನ ಹೌದ ಸೋರುವುದು ಕಲ್ಲಿನ ಸ್ವಭಾವದಿಂದ; ಗಾರೆಯವನನ್ನು ದೂರಿ ಫಲವಿಲ್ಲ.

ಇದಕ್ಕೆ ಪರಿಹಾರ ಸುಲಭ. ಭಾರ ಹೊರುವ ಕೆಲಸವನ್ನೂ ನೀರು ಹಿಡಿಯುವ ಕೆಲಸವನ್ನೂ ಒಂದೇ ವಸ್ತುವಿಗೆ ವಹಿಸಬಾರದು. ಗೋಡೆ ಹೊರಲಿ, ಒಳಗಿನ ಹಾಳೆ ನೀರನ್ನು ಹಿಡಿಯಲಿ. ಹಳೆಯ ಮನೆ ಕೆಡವಿದಾಗ ಸಿಗುವ ಕೆಂಪುಕಲ್ಲನ್ನು ಒಂದಡಿ ದಪ್ಪಕ್ಕೆ, ಸಂದಿನ ಮೇಲೆ ಸಂದು ಬಾರದಂತೆ ಇಟ್ಟು, ಒಂದೂವರೆ ಅಡಿ ಎತ್ತರಕ್ಕೆ ನಿಲ್ಲಿಸಿದರೆ ಸಾಕು. ಒಳಗೆ ಹಾಸುವ ಹಾಳೆಯೂ ನಮಗೆ ಹೊಸದಲ್ಲ. 2014ರಲ್ಲಿ ಆರಂಭವಾದ ಕೃಷಿ ಭಾಗ್ಯ ಯೋಜನೆಯ ಹೊಂಡಗಳಿಗೆ ಹಾಸಿದ ಪಾಲಿಥಿನ್ ಹಾಳೆಯನ್ನು ನಮ್ಮ ರೈತರು ಬಲ್ಲರು. ಅಂಥ ದಪ್ಪ ಹಾಳೆಯನ್ನೇ ಕೊಳ್ಳಬೇಕು. ತೆಳುವಾದ ತಾಡಪಾಲು ಬಿಸಿಲಿಗೆ ಬೇಗ ಜೀರ್ಣವಾಗುತ್ತದೆ. ಎರಡು ಸಲ ಕೊಂಡರೆ ಅದರ ಅಗ್ಗವೆಲ್ಲ ಅಲ್ಲಿಗೇ ಮುಗಿಯಿತು.

ಹಾಳೆ ಎಷ್ಟು ಬೇಕೆಂಬುದು ಏಳನೆಯ ತರಗತಿಯ ಲೆಕ್ಕ. ಒಳಗಿನ ಉದ್ದ 6 ಅಡಿ, ಅಗಲ 4 ಅಡಿ, ಆಳ ಒಂದೂವರೆ ಅಡಿ ಎಂದುಕೊಳ್ಳೋಣ. ಉದ್ದಕ್ಕೆ ಆಳದ ಎರಡರಷ್ಟನ್ನೂ, ಗೋಡೆಯ ಮೇಲೆ ಮಡಿಚಲು ಎರಡು ಬದಿಗೆ ಒಂದೊಂದು ಅಡಿಯನ್ನೂ ಕೂಡಿಸಬೇಕು. ಆಗ 11 ಅಡಿ. ಅಗಲಕ್ಕೂ ಹಾಗೆಯೇ ಮಾಡಿದರೆ 9 ಅಡಿ. ಇಷ್ಟು ದೊಡ್ಡ ಹಾಳೆ ಒಂದೇ ತುಂಡಾಗಿರಲಿ, ಜೋಡಿಸಿದ್ದು ಬೇಡ. ಈ ಹೌದದಲ್ಲಿ ಸುಮಾರು 1,000 ಲೀಟರ್ ನೀರು ನಿಲ್ಲುತ್ತದೆ. ಗೋಡೆಯ ಬುಡದ ಮೇಲೆ ನೀರಿನ ಒತ್ತಡ ಹೆಚ್ಚುವುದು ಆಳದಿಂದ, ಉದ್ದದಿಂದಲ್ಲ. ಹಣ ಉಳಿಸಬೇಕೆನ್ನುವವರು ಹೌದವನ್ನು ಬೇಕಾದಷ್ಟು ಅಗಲವಾಗಿಸಲಿ, ಆಳವನ್ನು ಹೆಚ್ಚಿಸದಿರಲಿ.

ಇನ್ನು ಭಾಲ್ಕಿ, ಔರಾದದ ಎರೆಯವರಿಗೆ. ಎರೆಮಣ್ಣಿನ ಮೇಲೆ ನೇರವಾಗಿ ಇಟ್ಟಿಗೆ ಸಿಮೆಂಟಿನ ಹೌದ ಕಟ್ಟಬೇಡಿರಿ. ಒಂದೆರಡು ಬೇಸಿಗೆಯೊಳಗೆ ಬಿರುಕು ಬಿಟ್ಟೀತು. ಮೇಲಿನ ಎರೆಯನ್ನು ಒಂದಡಿಯಷ್ಟು ತೆಗೆದು, ಮುರುಮು ತುಂಬಿ, ಗಟ್ಟಿಯಾಗಿ ಬಡಿದು, ಅದರ ಮೇಲೆ ಒಂದೇ ಅಚ್ಚಿನ ವಸ್ತುವನ್ನು ಇಡುವುದು ಲೇಸು. ನೆಲ ಅಲುಗಿದರೆ ಅದು ಇಡಿಯಾಗಿ ಅಲುಗುತ್ತದೆ, ಒಡೆಯುವುದಿಲ್ಲ. ಬಾವಿಗೆ ಇಳಿಸುವ ಸಿಮೆಂಟ್ ರಿಂಗಿಗೆ ಒಳಗೆ ಹಾಳೆ ಹಾಸಿದರೂ ಆದೀತು, ಹಳೆಯ ಪ್ಲಾಸ್ಟಿಕ್ ನೀರಿನ ಟ್ಯಾಂಕನ್ನು ಅರ್ಧಕ್ಕೆ ಕೊಯ್ದರೂ ಆದೀತು. ಕೈಚಳಕವುಳ್ಳ ಗಾರೆಯವನು ಸಿಕ್ಕರೆ ತಂತಿ ಜಾಳಿಗೆಯ ಮೇಲೆ ತೆಳುವಾಗಿ ಗಾರೆ ಬಳಿದ ತೊಟ್ಟಿಯನ್ನು ಮಾಡಿಸಬಹುದು. ಈ ಉಪಾಯ ಹೊಳೆದದ್ದು ಒಬ್ಬ ತೋಟಗಾರನಿಗೆ ಎಂಬುದು ಗಮನಾರ್ಹ. ಫ್ರಾನ್ಸಿನ ಜೋಸೆಫ್ ಮೋನಿಯೆ ಕಬ್ಬಿಣದ ಜಾಳಿಗೆಯ ಮೇಲೆ ಸಿಮೆಂಟ್ ಬಳಿದು ಗಿಡದ ತೊಟ್ಟಿಗಳನ್ನು ಮಾಡಿ 1867ರಲ್ಲಿ ಅದಕ್ಕೆ ಪೇಟೆಂಟ್ ಪಡೆದನು. ಇಂದಿನ ಆರ್‌ಸಿಸಿ ಮನೆಗಳ ಪೂರ್ವಜರಲ್ಲಿ ಹೂದೊಟ್ಟಿಯೂ ಒಂದು! ಸಿಮೆಂಟಿನ ತೊಟ್ಟಿಯಾದರೆ ಒಂದು ಎಚ್ಚರಿಕೆ: ಹೊಸ ಸಿಮೆಂಟು ನೀರಿಗೆ ಸುಣ್ಣದ ಕ್ಷಾರವನ್ನು ಬಿಡುತ್ತದೆ. ಕೆಲವು ವಾರ ನೀರು ತುಂಬಿಸಿ ಚೆಲ್ಲಿ, ಮತ್ತೆ ತುಂಬಿಸಿ ಚೆಲ್ಲಿದ ನಂತರವೇ ಮೀನು ಬಿಡಬೇಕು.

ಪುಕ್ಕಟೆ ಸಿಗುವ ವಸ್ತುಗಳ ವಿಷಯದಲ್ಲಿಯೂ ವಿವೇಕ ಬೇಕು. ಚುನಾವಣೆಯ, ಹುಟ್ಟುಹಬ್ಬದ ಹಳೆಯ ಫ್ಲೆಕ್ಸುಗಳು ಕಲ್ಲಿನ ಚೂಪು ತಾಗದಂತೆ ಹಾಳೆಯ ಅಡಿಗೆ ಹಾಸಲು ಯೋಗ್ಯ, ನೀರು ಹಿಡಿಯಲು ಅಲ್ಲ. ರಾಸಾಯನಿಕ ತುಂಬಿ ಬಂದ ಡ್ರಮ್ಮುಗಳನ್ನು ಎಷ್ಟು ತೊಳೆದರೂ ನಂಬಲಾಗದು. ಖಾದ್ಯ ಎಣ್ಣೆಯದಾದರೆ ಸರಿ. ಕೋಟೆಗೋಡೆಯಿಂದಲೋ ಸುರಂಗ ಬಾವಿಯ ಬಾಯಿಯಿಂದಲೋ ಉದುರಿದ ಕಲ್ಲನ್ನಂತೂ ಯಾರೂ ಮುಟ್ಟಕೂಡದು. ಅದು ಊರಿನ ಸೊತ್ತು. ಅಂಥ ಕಲ್ಲು ಹಣಕ್ಕೆ ಅಗ್ಗವಾದರೂ ಊರಿಗೆ ಬಹಳ ದುಬಾರಿ.

ಜಾಗ ಉಳಿಸಲು ಮಾಳಿಗೆಯ ಮೇಲೆ ಹೌದ ಇಡುವವರುಂಟು. ಒಂದೂವರೆ ಅಡಿ ನೀರಿನ ಭಾರ ಚದರ ಮೀಟರಿಗೆ ಸುಮಾರು 450 ಕಿಲೋ. ಜನ ಓಡಾಡುವ ಮಾಳಿಗೆಗೆ ನಮ್ಮ ಮಾನಕ ಸಂಹಿತೆ ಐಎಸ್ 875 ಹಿಡಿಯುವ ಲೆಕ್ಕ ಸುಮಾರು 150 ಕಿಲೋ ಮಾತ್ರ. ಮೂರು ಪಟ್ಟು ಭಾರವನ್ನು ಮನೆಯವರ ತಲೆಯ ಮೇಲೆ ಇಡುವುದು ಬೇಡ. ಮಗುವಿರುವ ಮನೆಯಲ್ಲಿ ಹೌದದ ಮೇಲೆ ಗಟ್ಟಿಯಾದ ಕಬ್ಬಿಣದ ಜಾಳಿಗೆ ಇರಲೇಬೇಕು. ಮೊಣಕಾಲುದ್ದದ ನೀರೂ ಮಗುವಿಗೆ ಮಡುವೇ. ಖರ್ಚಿನ ಪಟ್ಟಿಯಲ್ಲಿ ಜಾಳಿಗೆಯನ್ನು ಮೊದಲ ಸಾಲಿನಲ್ಲಿ ಬರೆಯಿರಿ. ನಿಂತ ನೀರಿನಲ್ಲಿ ಸೊಳ್ಳೆಯ ಮೊಟ್ಟೆ ವಾರ ಹತ್ತು ದಿನದಲ್ಲಿ ರೆಕ್ಕೆ ಬಿಚ್ಚುವುದರಿಂದ ನಾಲ್ಕು ಗಪ್ಪಿ ಮೀನುಗಳೂ ಇರಲಿ.

ಕೊನೆಯದಾಗಿ ನೀರಿನ ಮಾತು. ಎಲ್ಲ ಸಾಮಗ್ರಿಗಳಲ್ಲಿ ನಮ್ಮಲ್ಲಿ ದುಬಾರಿಯಾದುದು ಅದೇ. 2016ರ ಏಪ್ರಿಲ್‌ನಲ್ಲಿ ನಮ್ಮ ನೆರೆಯ ಲಾತೂರಿಗೆ ಮೀರಜ್‌ನಿಂದ ರೈಲಿನಲ್ಲಿ ನೀರು ತರಬೇಕಾಯಿತು. ಲಾತೂರಿಗೆ ನೀರುಣಿಸುವ ಮಾಂಜ್ರಾ ನದಿಯೇ ನಮ್ಮ ಜಿಲ್ಲೆಯಲ್ಲಿಯೂ ಹರಿಯುತ್ತದೆ. ಇಂಥ ಸೀಮೆಯಲ್ಲಿ ಟ್ಯಾಂಕರ್ ತರಿಸಿ ಹೌದ ತುಂಬಿಸುವುದು ನನ್ನ ದೃಷ್ಟಿಯಲ್ಲಿ ಶೋಭೆಯಲ್ಲ. ಆದರೆ 500 ಚದರಡಿ ಮಾಳಿಗೆಯ ಮೇಲೆ 50 ಮಿಲಿಮೀಟರ್ ಮಳೆ ಸುರಿದರೆ ಸುಮಾರು 2,300 ಲೀಟರ್ ನೀರು ಬೀಳುತ್ತದೆ. ಅರ್ಧದಷ್ಟು ಹಿಡಿದರೂ ನಮ್ಮ ಹೌದ ತುಂಬಿತು. ಮಾಳಿಗೆಯಿಂದ ಹೌದಕ್ಕೊಂದು ಪೈಪು, ಹೌದದಿಂದ ಗಿಡದ ಪಾತಿಗೊಂದು ಪೈಪು, ಈ ಎರಡೂ ಖರ್ಚಿನಲ್ಲಿ ಸೇರಿರಲಿ. ಬೇಸಿಗೆ ಬಲಿತಾಗ ನೀರನ್ನು ಗಿಡಗಳಿಗೆ ಬಿಟ್ಟು, ಮೀನುಗಳನ್ನು ಒಂದು ಹರವಿಗೆ ವರ್ಗಾಯಿಸಿ, ಹಾಳೆಯ ಮೇಲೆ ಬಿಸಿಲು ಬೀಳದಂತೆ ಮುಚ್ಚಿಡಿರಿ. ಮಿರುಗ ಮಳೆ ಬಂದಾಗ ಹೌದ ತಾನಾಗಿಯೇ ತುಂಬುತ್ತದೆ. ಮಳೆಯಿಂದ ತುಂಬಿ ಗಿಡಕ್ಕೆ ಹರಿಯುವ ಹೌದವನ್ನು ಎಷ್ಟು ಜನ ಕಟ್ಟಿಕೊಂಡರೂ ಊರಿಗೆ ನಷ್ಟವಿಲ್ಲ.