‘ಐ ಆಮ್ ಡಿಫಿಕಲ್ಟ್’ ಅಂದವರ ಕಷ್ಟ

ಚೆನ್ನೈನ ನಮ್ಮ ಆಫೀಸಿನಲ್ಲಿ ಕೊರಿಯಾದ ಸಹೋದ್ಯೋಗಿಯೊಬ್ಬರು ಮೀಟಿಂಗ್‌ನಲ್ಲಿ ‘ಐ ಆಮ್ ಡಿಫಿಕಲ್ಟ್’ ಅಂದಾಗ ಎಲ್ಲರೂ ನಕ್ಕೆವು. ‘ನಾನು ಮೊಂಡ, ನನ್ನ ಜೊತೆ ಏಗುವುದು ಕಷ್ಟ’ ಎಂಬ ಅರ್ಥ ಬಂದಿತ್ತು. ಅವರು ಹೇಳಹೊರಟಿದ್ದು ‘ನನಗೆ ಕಷ್ಟವಾಗುತ್ತಿದೆ’ ಎಂದು. ನಕ್ಕು ಮುಂದಿನ ವಿಷಯಕ್ಕೆ ಹೋದೆವು. ಅವರ ಕೆಲಸ ಎರಡು ವಾರ ತಡವಾಯಿತು.

ದಕ್ಷಿಣ ಕೊರಿಯಾದಲ್ಲಿ 1997ರಿಂದ ಮೂರನೇ ತರಗತಿಯಲ್ಲೇ ಇಂಗ್ಲಿಷ್ ಶುರುವಾಗುತ್ತದೆ. ಆದರೂ ಈ ತಪ್ಪು ಬಿಡುವುದಿಲ್ಲ. ಕಾರಣ ಅವರ ‘ಹಿಮ್‌ದುಲ್ದಾ’ ಎಂಬ ದಿನಬಳಕೆಯ ಪದ. ‘ಹಿಮ್’ ಎಂದರೆ ಶಕ್ತಿ. ಶಕ್ತಿ ಬೇಡುವ ಕೆಲಸಕ್ಕೂ, ಆ ಕೆಲಸದಲ್ಲಿ ಬಸವಳಿದ ಮನುಷ್ಯನಿಗೂ ಅದೇ ಪದ. ಇಂಗ್ಲಿಷಿನಲ್ಲಿ ‘ಡಿಫಿಕಲ್ಟ್’ ಕೆಲಸಕ್ಕೆ ಅಂಟಿದರೆ ಸರಿ. ಮನುಷ್ಯನಿಗೆ ಅಂಟಿದರೆ ಬೈಗುಳ. ಅವರು ಕಲಿಯಬೇಕಾದದ್ದು ‘ಐ ಆಮ್ ಹ್ಯಾವಿಂಗ್ ಎ ಹಾರ್ಡ್ ಟೈಮ್’. ಅದರ ಮುಂದೆ ‘ಟು ಅಂಡರ್‌ಸ್ಟ್ಯಾಂಡ್’ ಅಲ್ಲ, ‘ಅಂಡರ್‌ಸ್ಟ್ಯಾಂಡಿಂಗ್’ ಬರಬೇಕು. ಇದಿಷ್ಟನ್ನು ಕಾಫಿ ಕುಡಿಯುತ್ತಾ ಹೇಳಿಕೊಟ್ಟೆ. ಹತ್ತು ನಿಮಿಷ ಸಾಕಾಯಿತು.

ನಮ್ಮನ್ನು ಇಲ್ಲಿ ಚತುರ್ಥಿ ವಿಭಕ್ತಿ ಕಾಪಾಡುತ್ತದೆ. ನಾವು ‘ನಾನು ಕಷ್ಟ’ ಅನ್ನುವುದಿಲ್ಲ, ‘ನನಗೆ ಕಷ್ಟ’ ಅನ್ನುತ್ತೇವೆ. ತಮಿಳಿನಲ್ಲೂ ಹಾಗೆಯೇ: ‘ಎನಕ್ಕು ಕಷ್ಟಮಾ ಇರುಕ್ಕು’. ಕಷ್ಟ ನಮ್ಮ ಬಳಿ ಬರುತ್ತದೆ, ನಾವೇ ಕಷ್ಟವಾಗುವುದಿಲ್ಲ.

ಆದರೆ ವ್ಯಾಕರಣ ಅರ್ಧ ಕಥೆ ಮಾತ್ರ. ಅದೇ ಮೀಟಿಂಗ್‌ನಲ್ಲಿ ನನ್ನ ಸರದಿ ಬಂದಾಗ, ಮೂರು ದಿನದಿಂದ ತಲೆಬುಡ ತಿಳಿಯದ ಒಂದು ಬಗ್ ಬಗ್ಗೆ ‘ಆಲ್‌ಮೋಸ್ಟ್ ಡನ್’ ಅಂದಿದ್ದೆ. ಇಂಗ್ಲಿಷಿನಲ್ಲಿ ಒಂದಕ್ಷರ ತಪ್ಪಿರಲಿಲ್ಲ. ಎಂಟೆಕ್ ಮಾಡಿದವನು ಗೊತ್ತಾಗುತ್ತಿಲ್ಲ ಅಂದರೆ ಮರ್ಯಾದೆ ಏನಾಗಬೇಕು ಎಂಬ ಅಳುಕು. ಅವರು ತಪ್ಪು ಇಂಗ್ಲಿಷಿನಲ್ಲಿ ನಿಜ ಹೇಳಿದ್ದರು. ನಾನು ಸರಿ ಇಂಗ್ಲಿಷಿನಲ್ಲಿ ಸುಳ್ಳು ಹೇಳಿದ್ದೆ.

ಊರು ಬಿಟ್ಟು ಬಂದವರಲ್ಲಿ ಈ ಚಾಳಿ ಹೆಚ್ಚು. ಮನೆಯವರ ಫೋನ್ ಬಂದರೂ ‘ಎಲ್ಲಾ ಆರಾಮ್’ ಎಂಬ ಒಂದೇ ಉತ್ತರ. ಬೇರೆ ಊರಿನ ಭಾಷೆ ಕಲಿಯುವಾಗ ‘ಹೇಗಿದ್ದೀರಿ’, ‘ಎಷ್ಟು ರೇಟು’ ಎಂಬುದನ್ನು ಮೊದಲು ಬಾಯಿಪಾಠ ಮಾಡುತ್ತೇವೆ. ಅದಕ್ಕೂ ಮೊದಲು ‘ನನಗೆ ಕಷ್ಟವಾಗುತ್ತಿದೆ’ ಎಂಬುದನ್ನು ಕಲಿಯಬೇಕು ಎಂಬುದು ನನ್ನ ಅಭಿಪ್ರಾಯ. ಯಾರಾದರೂ ಅದನ್ನು ತಪ್ಪುತಪ್ಪಾಗಿ ಹೇಳಿದರೆ ವಾಕ್ಯ ತಿದ್ದುವುದು ಆಮೇಲೆ. ಮೊದಲು ‘ಯಾವುದು ಕಷ್ಟ?’ ಎಂದು ಕೇಳಬೇಕು. ಆ ದಿನ ನಾವು ಕೇಳಿದ್ದರೆ ಎರಡು ವಾರ ಉಳಿಯುತ್ತಿತ್ತು.