ಆಂಟಿಯ ‘ಯೋಗ ಕ್ಲಾಸ್’ | ಭಾಗ 4

ಪೋಲ್ ಡ್ಯಾನ್ಸ್ ಅಂದ ತಕ್ಷಣ ನಿಮ್ಮ ತಲೆಗೆ ಏನು ಬಂತು? ನಿಜ ಹೇಳಿ. ನನಗೂ ಮೊದಲು ಅದೇ ಬಂದಿತ್ತು.

ಬೆಂಗಳೂರಲ್ಲಿ ನನಗೆ ಗೊತ್ತಿರೋ ಆಂಟಿಯೊಬ್ಬರಿದ್ದಾರೆ. ಹೆಸರು ಹೇಳಲ್ಲ. ವಾರಕ್ಕೆರಡು ಸಂಜೆ ಆಫೀಸ್ ಮುಗಿಸಿ ಪೋಲ್ ಕ್ಲಾಸಿಗೆ ಹೋಗ್ತಾರೆ. ಮನೆಯಲ್ಲಿ ಹೇಳಿರೋದು ಮಾತ್ರ ‘ಯೋಗ’.

“ಅಷ್ಟು ಚಿಕ್ಕ ಶಾರ್ಟ್ಸ್ ಯಾಕೆ ಆಂಟಿ?” ಅಂತ ಕೇಳಿದ್ದೆ. ಉತ್ತರ ಸರಳ. ಕಂಬ ಹಿಡಿಯೋದು ಕೈ ಒಂದೇ ಅಲ್ಲ; ತೊಡೆ, ಮಂಡಿಯ ಹಿಂಭಾಗ, ಸೊಂಟದ ಚರ್ಮವೂ ಹಿಡಿಯಬೇಕು. ಬಟ್ಟೆ ಇದ್ರೆ ಸ್ಟೀಲ್ ಮೇಲೆ ಜಾರುತ್ತೆ. ತಲೆಕೆಳಗಾಗಿ ನೇತಾಡುವಾಗ ಜಾರಿದ್ರೆ ಗತಿ?

ಈಗ ಮಲ್ಲಕಂಬ ನೆನಪಿಸ್ಕೊಳ್ಳಿ. ಹರಳೆಣ್ಣೆ ಸವರಿದ ಮರದ ಕಂಬ, ಚಡ್ಡಿ ಹಾಕಿದ ಹುಡುಗರು. ನಾವು ಚಪ್ಪಾಳೆ ಹೊಡೀತೀವಿ. ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರನ 12ನೇ ಶತಮಾನದ ‘ಮಾನಸೋಲ್ಲಾಸ’ದಲ್ಲೇ ಜಟ್ಟಿಗಳ ಕಂಬದ ಕಸರತ್ತಿದೆ. ಅವರ ಬಟ್ಟೆ ಬಗ್ಗೆ ಯಾರೂ ಕೇಳಲ್ಲ.

ಹಾಗಂತ ‘ಇದೂ ಮಲ್ಲಕಂಬವೇ’ ಅಂತ ಮಡಿ ಮಾಡೋದು ಬೇಡ. ಇವತ್ತಿನ ಪೋಲ್ ಬೆಳೆದದ್ದು ವಿದೇಶದ ಸ್ಟ್ರಿಪ್ ಕ್ಲಬ್‌ಗಳಲ್ಲಿ. ಅಲ್ಲಿನ ಡ್ಯಾನ್ಸರ್‌ಗಳೇ ಅದನ್ನ ಬೇರೆಯವರಿಗೂ ಕಲಿಸಿದ್ದು. ಅದನ್ನ ಮುಚ್ಚಿಟ್ಟು ಮರ್ಯಾದೆ ಗಿಟ್ಟಿಸೋದು ಬೇಕಿಲ್ಲ. ದುಡಿದು ದಣಿದ ಹೆಂಗಸಿಗೆ ಇಷ್ಟ ಆಯ್ತು, ಸಾಲದಾ?

ಎಂಟು ತಿಂಗಳ ಪ್ರಯತ್ನದ ಮೇಲೆ ಮೊನ್ನೆ ಆಂಟಿ ಮೊದಲ ಸಲ ತಲೆಕೆಳಗಾದ್ರು. ವಿಡಿಯೋ ತೋರಿಸಿ, ತಕ್ಷಣ ಡಿಲೀಟ್ ಮಾಡಿದ್ರು.

ಬೇಜಾರಾಗಿದ್ದು ಅದಕ್ಕೇ. ನಿಮ್ಮ ಮನೆಯಲ್ಲೂ ಯಾರಾದ್ರೂ ಇಂಥ ‘ಯೋಗ’ಕ್ಕೆ ಹೋಗ್ತಿರಬಹುದು. ಗೊತ್ತಾದ ದಿನ ಮೊದಲು ಬಟ್ಟೆ ಬಗ್ಗೆ ಕೇಳ್ಬೇಡಿ. ವಿಡಿಯೋ ತೋರಿಸಿ ಅನ್ನಿ.